ಕಪ್ಪೆ, ಗಂಟೆ, ಮೇಜು, ಬೆಣ್ಣೆ

ಬೇಯಿಸಿದ ಮುಸುಕಿನ ಜೋಳವನ್ನು ನೂಬಿಯಾ ಹಿಡಿಹಿಡಿಯಾಗಿ ಕೈಗಿರಣಿಗೆ ಹಾಕುತ್ತಿದ್ದಳು. ಅವಳ ತಾಯಿ ಫಾಬಿಯೋಲಾ ಹಿಡಿಕೆ ತಿರುಗಿಸುತ್ತಿದ್ದಳು. ಬಟ್ಟಲು ತುಂಬಿದ ಮೇಲೆ ಫಾಬಿಯೋಲಾ ಹಿಟ್ಟನ್ನು ಉಂಡೆ ಕಟ್ಟಿ, ಅಂಗೈಯಲ್ಲಿ ತಟ್ಟಿ, ಅರೇಪಾ ರೊಟ್ಟಿಗಳನ್ನು ಕೆಂಡದ ಮೇಲಿನ ಜಾಲರಿಗೆ ಇಟ್ಟಳು. ಅವಳಿಗೆ ಬೀಗದ ಕೈ ಇಟ್ಟ ಜಾಗ, ತಂಗಿಯ ಹೆಸರು, ನಿನ್ನೆಯ ಊಟ ಎಲ್ಲವೂ ಮರೆತುಹೋಗುತ್ತಿತ್ತು. ರೊಟ್ಟಿ ಮಾತ್ರ ಒಂದೂ ಅಳತೆ ತಪ್ಪುತ್ತಿರಲಿಲ್ಲ. ದಿನವೂ ಚರ್ಚಿನ ಮುಂದೆ ಕೂತು ಅದನ್ನು ಮಾರಿ, ನಗುನಗುತ್ತಾ ಮನೆಗೆ ಬರುತ್ತಿದ್ದಳು. ಅವಳಿಗಿನ್ನೂ ನಲವತ್ತೆಂಟು.

ಮೆಡೆಯಿನ್‌ ಪಟ್ಟಣದಿಂದ ಬೆಟ್ಟ ಹತ್ತಿ ಬರುವ ಬೆಳಗಿನ ಬಸ್ಸಿಳಿದು ನರ್ಸ್ ಗಿಲ್ಮಾ ಬಂದರು. ವರ್ಷಕ್ಕೊಮ್ಮೆ, ಮರೆವಿನ ರೋಗದ ಸಂಶೋಧನೆಯವರ ಪರವಾಗಿ ಅವರು ಬರುತ್ತಿದ್ದರು. ಊರಿನವರು ಅವರನ್ನು ಗೌರವದಿಂದ ದೋನ್ಯಾ ಎಂದು ಕರೆಯುತ್ತಿದ್ದರು.

“ಬನ್ನಿ ದೋನ್ಯಾ ಗಿಲ್ಮಾ. ಈ ಸಲ ಇನ್ನೂ ದಪ್ಪ ಆಗಿದೀರಿ,” ಎಂದಳು ಫಾಬಿಯೋಲಾ.

“ಇದೆಲ್ಲ ಚೆನ್ನಾಗಿ ನೆನಪಿರತ್ತೆ ನಿಮಗೆ!”

“ಕಣ್ಣೆದುರಿಗೆ ಕಾಣ್ತಿರೋದನ್ನ ನೆನಪು ಬೇರೆ ಇಟ್ಕೋಬೇಕಾ? ಅದಿರ್ಲಿ, ನಮ್ಮಮ್ಮ ಹೇಗಿದಾಳೆ ಅಲ್ಲಿ?”

“ಜೋಪಾನವಾಗಿದಾರೆ.”

ಫಾಬಿಯೋಲಾ ಕೇಳುತ್ತಿದ್ದುದು ತೀರಿಹೋದ ತಾಯಿಯ, ಅಂದರೆ ನೂಬಿಯಾಳ ಅಜ್ಜಿಯ, ಮಿದುಳಿನ ಬಗ್ಗೆ. ಈ ಬೆಟ್ಟದೂರುಗಳಲ್ಲಿ ಕೆಲವು ಮನೆತನಗಳಿಗೆ ನಲವತ್ತೈದು ದಾಟುವಷ್ಟರಲ್ಲೇ ಮರೆವು ಬರುತ್ತದೆ. ಹಿಂದಿನವರು ಅದನ್ನು ಪೆದ್ದುರೋಗ ಎನ್ನುತ್ತಿದ್ದರು, ಡಾಕ್ಟರುಗಳು ಬಂದ ಮೇಲೆ ಆಲ್ಝೈಮರ್ಸ್ ಎಂದು ಹೇಳಲು ಕಲಿತರು. ಸತ್ತ ಮೇಲೆ ತನ್ನ ಮಿದುಳನ್ನು ಅವರೇ ಇಟ್ಟುಕೊಳ್ಳಲಿ ಎಂದು ಅಜ್ಜಿ ಬರೆದುಕೊಟ್ಟಿದ್ದಳು. ಬದುಕಿದ್ದಾಗ ಒಂದು ರಾತ್ರಿಯೂ ಊರು ಬಿಟ್ಟಿರದವಳು ಈಗ ಹನ್ನೆರಡು ವರ್ಷದಿಂದ ಪಟ್ಟಣವಾಸಿ ಎಂದು ಮನೆಯವರ ತಮಾಷೆ. ಫಾಬಿಯೋಲಾ ಕೂಡ ಅಂಥದ್ದೇ ಕಾಗದಕ್ಕೆ ಸಹಿ ಹಾಕಿಯಾಗಿತ್ತು.

ಬೆಲ್ಲದ ಬಿಸಿನೀರು ಕುಡಿದು ಗಿಲ್ಮಾ ಕಡತ ತೆರೆದರು. “ಎಂಟು ಪದ ಹೇಳ್ತೀನಿ. ಆಮೇಲೆ ನೀವು ಹೇಳಿ. ಕಪ್ಪೆ, ಗಂಟೆ...”

“ಮೇಜು, ಬೆಣ್ಣೆ, ಸೇತುವೆ, ಟೋಪಿ, ಕತ್ತರಿ, ಎಣ್ಣೆ!” ಎಂದಳು ಫಾಬಿಯೋಲಾ. ಮೇಜಿನ ಕೆಳಗೆ ಅವಳ ಕಾಲು ತಾಳ ಹಾಕುತ್ತಿತ್ತು.

ಗಿಲ್ಮಾರ ಪೆನ್ನು ನಿಂತಿತು. ಅಷ್ಟರಲ್ಲಿ ಓಣಿಯಲ್ಲಿ ಸ್ಕಿಪ್ಪಿಂಗ್ ಹಗ್ಗ ನೆಲಕ್ಕೆ ಬಡಿಯುವ ಸದ್ದು, ಅದರ ಜೊತೆಗೇ ಹುಡುಗಿಯರ ದನಿ ಕೇಳಿತು: “ಕಪ್ಪೆ, ಗಂಟೆ, ಮೇಜು, ಬೆಣ್ಣೆ! ಸೇತುವೆ, ಟೋಪಿ, ಕತ್ತರಿ, ಎಣ್ಣೆ!”

“ಅಯ್ಯೋ ದೇವರೇ,” ಎಂದರು ಗಿಲ್ಮಾ. “ಇದನ್ನ ಇವರಿಗೆ ಯಾರು ಕಲಿಸಿದ್ದು?”

“ಅಜ್ಜಿ. ಅವಳಿಂದ ನಮಗೆ, ನಮ್ಮಿಂದ ಇವರಿಗೆ,” ಎಂದಳು ನೂಬಿಯಾ ಮೆಲ್ಲಗೆ.

ಅಜ್ಜಿ ಕಲಿಸುವಾಗ ನೂಬಿಯಾಳಿಗೆ ಆರು ವರ್ಷ. ಆಗೆಲ್ಲ ವರ್ಷಕ್ಕೊಮ್ಮೆ ಪಟ್ಟಣಕ್ಕೇ ಪರೀಕ್ಷೆಗೆ ಹೋಗುತ್ತಿದ್ದ ಅಜ್ಜಿ ಸಂಜೆಯ ಬಸ್ಸಿನಲ್ಲಿ, ಮುಂದಿನ ವರ್ಷಕ್ಕೆ ಮರೆಯಬಾರದೆಂದು, ದಾರಿಯುದ್ದಕ್ಕೂ ಆ ಪದಗಳನ್ನು ಬಾಯಲ್ಲೇ ಉರುಳಿಸುತ್ತಾ ಬರುತ್ತಿದ್ದಳು. ಪಕ್ಕದಲ್ಲಿ ಕೂತವರಿಗೂ ಬಾಯಿಪಾಠವಾಗುತ್ತಿತ್ತು. ಬಸ್ಸಿಳಿದವಳೇ ಸೀಬೆಹಣ್ಣಿನ ಮಿಠಾಯಿಯ ಪೊಟ್ಟಣ ಬಿಚ್ಚಿ ಮಕ್ಕಳನ್ನು ಸಾಲಾಗಿ ನಿಲ್ಲಿಸುವಳು. ತಪ್ಪಿಲ್ಲದೆ ಹೇಳಿದವರಿಗೆ ಒಂದು ತುಂಡು. ಹಗ್ಗದ ಒಂದು ತುದಿ ಅಜ್ಜಿಯದು, ಇನ್ನೊಂದು ಅಮ್ಮನದು. ನಡುವೆ ನೂಬಿಯಾ ಉಸಿರುಗಟ್ಟುವವರೆಗೆ ಕುಣಿಯುವಳು. ಅಜ್ಜಿ ಅಮ್ಮನ ಹೆಸರನ್ನೇ ಮರೆತ ಮೇಲೂ ಹಗ್ಗ ತಿರುಗಿಸಿದರೆ ಸಾಕು, ಎಂಟೂ ಪದ ಸಾಲಾಗಿ ಬರುತ್ತಿದ್ದವು. ಗಿಲ್ಮಾ ಆಗ ಉದ್ದ ಜಡೆಯ ಹೊಸ ನರ್ಸು.

“ಹಂಗಾದ್ರೆ ಇಷ್ಟು ವರ್ಷ ಇಡೀ ಓಣಿಗೇ ಎಂಟಕ್ಕೆ ಎಂಟು ಹಾಕಿದೀನಿ!” ಎಂದು ಗಿಲ್ಮಾ ಹಣೆ ಚಚ್ಚಿಕೊಂಡರು. ಮತ್ತೆ ಹಳೆಯ ಹಾಳೆ ತಿರುವಿ ನೋಡಿದರು. “ಆದ್ರೆ ಹೋದ ವರ್ಷ ನಿಮಗೆ ಬಂದಿದ್ದು ಐದೇ, ಫಾಬಿಯೋಲಾ.”

ನೂಬಿಯಾ ತಲೆ ತಗ್ಗಿಸಿದಳು. “ಒಂದು ತಿಂಗಳಿಂದ ದಿನಾ ಬೆಳಿಗ್ಗೆ ನಾನೇ ಹೇಳಿಸ್ತಿದ್ದೆ. ಕಮ್ಮಿ ಆದ್ರೆ ಅಮ್ಮನ್ನ ಸಂಶೋಧನೆಯಿಂದ ಕೈಬಿಡ್ತೀರಿ ಅಂದ್ಕೊಂಡೆ.”

“ಹುಚ್ಚು ಹುಡುಗಿ. ಮರೆಯೋರೇ ಅಲ್ವೇನೇ ನಮಗೆ ಬೇಕಾಗಿರೋದು?”

ಫಾಬಿಯೋಲಾ ರೊಟ್ಟಿ ಮಗುಚಿ ಹಾಕಿ ಬಂದು ಕೂತಳು. ಅವಳಿಗೆ ಸಿಟ್ಟು ಬಂದಿತ್ತು. “ಸುಳ್ಳು ಬರೀಬೇಡಿ. ನಾಳೆ ನನ್ನ ಮಿದುಳು ತೆಗೆದು ನೋಡಿದಾಗ ಒಳಗೆಲ್ಲ ತೂತು, ಕಾಗದದಲ್ಲಿ ಎಂಟಕ್ಕೆ ಎಂಟು ಅಂತಿದ್ರೆ ಪಾಪ ಆ ಡಾಕ್ಟರುಗಳು ತಲೆ ಕೆಡಿಸ್ಕೊಳ್ಳಲ್ವಾ? ಹೊಸ ಪದ ಹೇಳಿ. ಯಾರೂ ಕುಣಿಯದೇ ಇರೋವು.”

ಗಿಲ್ಮಾ ಇನ್ನೊಂದು ಹಾಳೆಯಿಂದ ಎಂಟು ಹೊಸ ಪದ ಓದಿದರು. ಫಾಬಿಯೋಲಾ ಕಣ್ಣು ಮುಚ್ಚಿದಳು. ಅವಳ ಕಾಲು ಆಡಲಿಲ್ಲ. ನೂಬಿಯಾ ತುಟಿ ಕಚ್ಚಿ ಹಿಡಿದಳು.

“ಕುದುರೆ,” ಎಂದಳು ಫಾಬಿಯೋಲಾ. ಬಹಳ ಹೊತ್ತಾದ ಮೇಲೆ, “ಕಿಟಕಿ.” ಮತ್ತೆ ಕಣ್ಣು ತೆರೆದು ನಕ್ಕಳು. “ಎರಡೇ. ಎರಡು ಅಂತಲೇ ಬರ್ಕೊಳ್ಳಿ.”

ಗಿಲ್ಮಾ ಬರೆದುಕೊಂಡರು. ಆಮೇಲೆ ನೂಬಿಯಾಳ ಸರದಿ. ಹದಿನೆಂಟು ತುಂಬಿದಾಗಿನಿಂದ ಅವಳೂ ವರ್ಷವರ್ಷ ರಕ್ತ ಕೊಡುತ್ತಿದ್ದಳು. ಆ ರಕ್ತದಲ್ಲಿ ತಾಯಿಯ ರೋಗ ಇದೆಯೋ ಇಲ್ಲವೋ ಎಂದು ಕೊಟ್ಟವರಿಗೆ ಹೇಳುವ ಪದ್ಧತಿ ಇರಲಿಲ್ಲ. ಗಿಲ್ಮಾರಿಗೂ ತಿಳಿಯದಂತೆ ಸೀಸೆಗೆ ಹೆಸರಿನ ಬದಲು ಸಂಖ್ಯೆ ಹಾಕುತ್ತಿದ್ದರು. ನೂಬಿಯಾ ತೋಳು ಚಾಚಿ ಗೋಡೆಯ ಕಡೆ ಮುಖ ತಿರುಗಿಸಿದಳು. ಸೂಜಿ ಇಳಿಯಿತು. ಸೀಸೆ ನಿಧಾನವಾಗಿ ತುಂಬುವುದನ್ನು ಫಾಬಿಯೋಲಾ ಕಣ್ಣು ಕೀಳದೆ ನೋಡಿದಳು.

“ಬಸ್ಸು ಓಡಿಸೋ ವಿಲ್ಮಾರ್ ನಾಲ್ಕು ವರ್ಷದಿಂದ ಇವಳನ್ನ ಮದುವೆಗೆ ಕೇಳ್ತಾನೇ ಇದಾನೆ. ಇವಳು ಹೂಂ ಅಂತಿಲ್ಲ,” ಎಂದಳು. “ಯಾಕೆ ಅಂತ ನನಗೆ ಗೊತ್ತು. ದೋನ್ಯಾ ಗಿಲ್ಮಾ, ಇವಳಿಗೆ ಈ ರೋಗ ಇಲ್ಲ ಅಂತ ಒಂದು ಮಾತು ಹೇಳಿ.”

ಗಿಲ್ಮಾ ಸೀಸೆಗೆ ಚೀಟಿ ಅಂಟಿಸಿದರು. ನೂಬಿಯಾ ತೋಳಿಗೆ ಹತ್ತಿ ಒತ್ತಿಕೊಂಡು ಗೋಡೆಯನ್ನೇ ನೋಡುತ್ತಿದ್ದಳು.

“ಸುಳ್ಳಾದ್ರೂ ಪರವಾಗಿಲ್ಲ,” ಎಂದಳು ಫಾಬಿಯೋಲಾ. “ಹೇಳಿ.”