ಬೂದಿನೀರಿನ ನೊರೆ

ಹೆರಾಲ್ಡನ ಕೈಯ ತಪಲೆಯಿಂದ ಹುಣಸೆನೀರು ಬಿದ್ದದ್ದೇ ತಡ, ಅಜ್ಜಿಕಥೆಯ ಮಾಟಗಾತಿಯ ಕೊಪ್ಪರಿಗೆಯಂತೆ ಬೂದಿನೀರಿನ ಬಾನಿ ಬುಸ್ಸೆಂದು ನೊರೆಯೆದ್ದಿತು. ಬಚ್ಚಲಿನ ಬಾಗಿಲಲ್ಲಿ ಅವನ ಹೆಂಡತಿ ಬರ್ತಾ ಸೌದೆ ಹಿಡಿದುಕೊಂಡೇ ನಿಂತುಬಿಟ್ಟಳು. ಹುಳಿ ಬಿದ್ದರೆ ಬೂದಿನೀರು ಸತ್ತ ಹಾಗೆ.

ಬಾನಿಯೊಳಗೆ, ಅವಳು ಮಾಂಯ್ ಎಂದು ಕರೆಯುವ ಅತ್ತೆಯ ಬೀಡುಕಬ್ಬಿಣದ ದೋಸೆಕಾವಲಿ ಮುಳುಗಿತ್ತು. "ಇದರ ಹಳೆ ಜಿಡ್ಡು ಬಿಡಿಸು ಬಾಯೆ, ಅದು ಬಿಟ್ಟ ದಿನ ಇದನ್ನು ತೆಗೆದುಕೊಂಡು ನೀವಿಬ್ಬರೂ ಪರ್ಕಳದಲ್ಲಿ ಬೇರೆ ಒಲೆ ಹೂಡಿ" ಎಂದು ಮಾಂಯ್ ಸಂತೋಷದಿಂದಲೇ ಮಾತು ಕೊಟ್ಟಿದ್ದರು. ಹೆಬ್ರಿಯ ಡಿಸೆಂಬರ್ ಚಳಿಗೆ ಬೂದಿನೀರು ತಣಿದರೆ ಜಿಡ್ಡು ಬಿಡುವುದಿಲ್ಲ. ಅದಕ್ಕೇ ಬರ್ತಾ ಬಾನಿಯನ್ನು ಹಂಡೆಯ ಒಲೆಗೆ ಒತ್ತಿಟ್ಟು, ಗೋಣಿ ಹೊದೆಸಿ, ಬಾಣಂತಿಯನ್ನು ನೋಡಿಕೊಂಡ ಹಾಗೆ ಬೆಚ್ಚಗೆ ಇಟ್ಟಿದ್ದಳು. ಆದರೂ ಬೆಳಗಾದರೆ ನೀರು ಬೆರಳಿಗೆ ಜಾರುತ್ತಿರಲಿಲ್ಲ, ಅದರ ಸತ್ವವೇ ಹೋಗಿರುತ್ತಿತ್ತು. "ಚಳಿ ಅಲ್ವಾ, ಅದಕ್ಕೆ" ಎಂದು ಸಮಾಧಾನ ಹೇಳಿ ಹೊಸ ಬೂದಿ ಜರಡಿ ಹಿಡಿದು ಕೊಡುತ್ತಿದ್ದವನು ಇದೇ ಹೆರಾಲ್ಡ್.

"ದಿನಾ ಹಾಕುತ್ತಿದ್ದದ್ದು ನೀವಾ?"

ಅವನು ತಪಲೆಯನ್ನು ಬೆನ್ನ ಹಿಂದೆ ಹಿಡಿದ. "ಈ ಮನೆ ಬಿಟ್ಟು ಬರಲು ನನಗೆ ಮನಸ್ಸಿಲ್ಲ ಮಾರಾಯ್ತಿ. ನಿನ್ನ ಹತ್ತಿರ ಹೇಳಲು ಬಾಯಿ ಬರಲಿಲ್ಲ."

"ನೀರು ಬೆಚ್ಚಗೆ ಉಂಟಾ ಬಾಯೆ?" ಒಳಗಿನಿಂದ ಮಾಂಯ್ ಕೇಳಿದರು.

ಬರ್ತಾ ಸೌದೆ ಕೆಳಗಿಟ್ಟು, ನೊರೆಯೊಳಗೆ ಕೈಹಾಕಿ, ಅರ್ಧ ಮಾತ್ರ ಜಿಡ್ಡು ಬಿಟ್ಟಿದ್ದ ಕಾವಲಿಯನ್ನು ಮೇಲೆತ್ತಿದಳು.

"ಕೆಲಸ ಮುಗಿಯಿತು ಮಾಂಯ್" ಎಂದಳು, ಗಂಡನ ಮುಖವನ್ನೇ ನೋಡುತ್ತಾ. "ನನ್ನೊಬ್ಬಳ ದೋಸೆಗೆ ಇಷ್ಟು ಸಾಕು."