ಎಲ್ಲರ ಕಾರ್ಡಣ್ಣ

"ಇಷ್ಟು ಕಮ್ಮಿ ಕ್ರೆಡಿಟ್ ಸ್ಕೋರ್ ಇಟ್ಕೊಂಡು ಸಾಲಕ್ಕೆ ಅರ್ಜಿ ಹಾಕಿದೀರಲ್ಲ ಸಾರ್, ನಿಮ್ಮ ಧೈರ್ಯ ಮೆಚ್ಚಬೇಕು," ಎನ್ನುತ್ತ ಬ್ಯಾಂಕಿನ ಮೇಡಂ ಕಂಪ್ಯೂಟರಿನ ಪರದೆಯನ್ನು ಗಂಡ ಹೆಂಡತಿಯ ಕಡೆಗೆ ತಿರುಗಿಸಿದರು. ಹೆಂಡತಿಗೆ ಮೈಯೆಲ್ಲ ಉರಿದುಹೋಯಿತು. ಕಂಡವರ ಪಾರ್ಲರಿನಲ್ಲಿ ಕಂಡವರ ಕೂದಲು ಕತ್ತರಿಸಿ ಅವಳ ಹೆಬ್ಬೆರಳು ಸೆಟೆದುಕೊಂಡಿತ್ತು. ಈಗ ಪಾರ್ಲರಿನ ಒಡತಿ ಅಂಗಡಿ ಮಾರಿ ಊರು ಬಿಡುತ್ತಿದ್ದಳು. "ಮೊದಲು ನಿನ್ನನ್ನೇ ಕೇಳ್ತೀನಿ, ನಿನಗೆ ಆಗಲ್ಲ ಅಂದ್ರೆ ಮಾತ್ರ ಬೇರೆಯವರಿಗೆ," ಎಂದಿದ್ದಳು. ಸಾಲ ಸಿಕ್ಕರೆ ಅಂಗಡಿ ಇವಳದು. ಸಿಗದಿದ್ದರೆ ಹೊಸ ಮಾಲೀಕರ ಕೈಕೆಳಗೆ ಮತ್ತೆ ಅದೇ ಬಾಚಣಿಗೆ, ಅದೇ ಕತ್ತರಿ. ಅರ್ಜಿ ಇಬ್ಬರ ಹೆಸರಿನಲ್ಲಿತ್ತು. ಇವಳದೆಲ್ಲ ಸರಿಯಾಗಿಯೇ ಇತ್ತು, ಕೈಕೊಟ್ಟಿದ್ದು ಗಂಡನ ಸ್ಕೋರು.

"ಐದು ಕ್ರೆಡಿಟ್ ಕಾರ್ಡು, ಐದೂ ಮೂಗಿನ ಮಟ್ಟ ತುಂಬಿವೆ. ಮೇಲಿಂದ ಎಷ್ಟೋ ಸಲ ಕಟ್ಟೋ ತಾರೀಕು ದಾಟಿಸಿದೀರ. ಅದೇನು ಖರ್ಚು ಸಾರ್ ನಿಮ್ಮದು?"

"ನನ್ನ ಖರ್ಚಾ?" ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಾದ ಗಂಡನಿಗೆ ನಿಜಕ್ಕೂ ನೋವಾಯಿತು. "ನನಗೆ ಅಂತ ಒಂದು ಕರ್ಚೀಫೂ ತಗೊಂಡಿಲ್ಲ ಮೇಡಂ ಇದರಲ್ಲಿ!" ಜೇಬಿನಿಂದ ಕಾರ್ಡುಗಳನ್ನು ತೆಗೆದು ಇಸ್ಪೀಟಿನೆಲೆಯಂತೆ ಮೇಜಿನ ಮೇಲೆ ಹರವಿದ. "ನೋಡಿ, ಈ ನೀಲಿದು ಭಾವನ ಫ್ರಿಜ್ಜು. ಇದು ತಂಗಿ ಮನೆಯ ಮಂಚ. ಇದು ಚಿಕ್ಕಪ್ಪನ ಮಗನ ಬೈಕಿನ ಟೈರು. ಅವನು ಕೊಡ್ತಾನೆ ಪಾಪ, ಸ್ವಲ್ಪ ತಡ ಆಗತ್ತೆ. ಕಾರ್ಡಲ್ಲಿ ತಗೊಂಡ್ರೆ ಡಿಸ್ಕೌಂಟ್ ಅಲ್ವಾ, ಅದಕ್ಕೇ ಎಲ್ಲರೂ ನನ್ನನ್ನೇ ಕೇಳ್ತಾರೆ."

ನೆಂಟರಿಷ್ಟರಲ್ಲಿ ಅವನ ಹೆಸರೇ ಕಾರ್ಡಣ್ಣ. ಯಾರ ಮನೆಯಲ್ಲಿ ಏನು ಕೆಟ್ಟರೂ ಮೊದಲು ಫೋನು ಬರುವುದು ಇವನಿಗೆ, ರಿಪೇರಿಯವನಿಗೆ ಆಮೇಲೆ. ದುಡ್ಡು ವಾಪಸು ಕೊಡುವುದಿಲ್ಲವೆಂದಲ್ಲ. ಕೊಡುತ್ತಾರೆ, ನೆನಪಾದಾಗ, ಅನುಕೂಲವಾದಾಗ, ಎಲ್ಲಾದರೂ ಎದುರಿಗೆ ಸಿಕ್ಕಾಗ. ಬ್ಯಾಂಕು ಅಲ್ಲಿಯವರೆಗೆ ಕಾಯಬೇಕಲ್ಲ! ಬಾಯಿಬಿಟ್ಟು ಕೇಳಲು ಈ ಮಹಾರಾಯನಿಗೆ ನಾಲಿಗೆಯೇ ಏಳುವುದಿಲ್ಲ.

"ಮನೇಲಿ ನಾನು ಬಡ್ಕೊಂಡಿದ್ದೂ ಇದನ್ನೇ," ಹೆಂಡತಿ ಅಲ್ಲೇ ಶುರುಮಾಡಿದಳು. "ಇಲ್ಲ ಅನ್ನೋಕೆ ಬಾಯಿಲ್ವಾ ನಿಮಗೆ? ಬೆಳಗಾದ್ರೆ ಬ್ರೇಕ್ ಹಾಕಿ, ಬ್ರೇಕ್ ಹಾಕಿ ಅಂತ ಊರವರಿಗೆಲ್ಲ ಗಂಟಲು ಹರ್ಕೊಂಡು ಹೇಳ್ತೀರಲ್ರೀ!"

"ಆ ಕೆಂಪು ಕಾರ್ಡಲ್ಲಿರೋದು ನಿಮ್ಮಪ್ಪನ ಹಲ್ಲಿನ ಸೆಟ್ಟು ಕಣೇ," ಎಂದ ಗಂಡ ಮೆಲ್ಲಗೆ.

"ಅದು ಬೇರೆ ವಿಷ್ಯ!" ಎಂದವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮೇಡಂ ಸುಮ್ಮನೆ ಒಮ್ಮೆ ಕೆಮ್ಮಿದರು. "ಒಂದು ದಾರಿ ಇದೆ. ಬಾಕಿ ಎಲ್ಲ ತೀರಿಸ್ತಾ ಬನ್ನಿ. ಯಾವ ಕಾರ್ಡನ್ನೂ ಅದರ ಮಿತಿಯ ಕಾಲು ಭಾಗಕ್ಕಿಂತ ಜಾಸ್ತಿ ಬಳಸ್ಬೇಡಿ. ತಾರೀಕು ದಾಟಿಸ್ಬೇಡಿ. ಸಿಟ್ಟಲ್ಲಿ ಹಳೇ ಕಾರ್ಡು ಮುಚ್ಚೋದೂ ಬೇಡ, ಹೊಸದು ಕೇಳೋದೂ ಬೇಡ. ಆರು ತಿಂಗಳು ಹೀಗೆ ನಡೆಸ್ಕೊಂಡು ಹೋದ್ರೆ ಸ್ಕೋರ್ ಮೇಲೆ ಬರತ್ತೆ. ಆಗ ಬನ್ನಿ, ನಾನೇ ಮಾಡಿಸಿಕೊಡ್ತೀನಿ."

ಹೊರಗೆ ಬಂದವಳೇ ಹೆಂಡತಿ ಒಡತಿಗೆ ಫೋನು ಮಾಡಿ ಗೋಗರೆದಳು. ಆರು ತಿಂಗಳು ಕಾಯುತ್ತೇನೆ, ಆಮೇಲೆ ಒಂದು ದಿನವೂ ಇಲ್ಲ ಎಂದಿತು ಆ ಕಡೆಯ ದನಿ. ಅಷ್ಟಕ್ಕೇ ಇವಳ ಕಣ್ಣು ತುಂಬಿಬಂತು.

"ನಿನ್ನಾಣೆ ಕಣೇ," ಎಂದ ಗಂಡ, ಬ್ಯಾಂಕಿನ ಮೆಟ್ಟಿಲ ಮೇಲೆಯೇ ನಿಂತು. "ಎಲ್ಲರ ಹತ್ರಾನೂ ವಸೂಲಿ ಮಾಡ್ತೀನಿ. ಇವತ್ತಿಗೆ ಕಾರ್ಡಣ್ಣ ಸತ್ತ ಅಂತ ತಿಳ್ಕೋ."

ಎಷ್ಟೋ ವರ್ಷಗಳ ಮೇಲೆ ಹೆಂಡತಿ ಅವನ ಮಾತನ್ನು ನಂಬಿದಳು. ಆಗಲೇ ಅವನ ಅಕ್ಕನ ಫೋನು ಬಂತು. ತನ್ನ ಪೌರುಷ ಹೆಂಡತಿಗೂ ಕೇಳಿಸಲಿ ಎಂದು ಅವನು ಸ್ಪೀಕರ್ ಒತ್ತಿದ.

"ಏನೋ, ಎಲ್ಲಿದೀಯ? ಸೋಫಾ ಆಫರ್ ಇದೆ ಕಣೋ, ಇವತ್ತೇ ಕೊನೆ..."

"ಇಲ್ಲಕ್ಕ." ಅವನು ಕಣ್ಣು ಮುಚ್ಚಿಕೊಂಡ. "ಇನ್ಮೇಲೆ ಯಾರಿಗೂ ಕಾರ್ಡ್ ಕೊಡೋಕಾಗಲ್ಲ ಅಕ್ಕ. ತಪ್ಪು ತಿಳ್ಕೋಬೇಡ."

ಅಬ್ಬಾ! ಜನ ಓಡಾಡುವ ಜಾಗವಲ್ಲದಿದ್ದರೆ ಹೆಂಡತಿ ಅವನನ್ನು ಅಲ್ಲೇ ತಬ್ಬಿಕೊಳ್ಳುತ್ತಿದ್ದಳು.

"ಅಯ್ಯೋ ಪೆದ್ದ, ನೀನ್ಯಾಕೆ ಕೊಡ್ಬೇಕು?" ಅಕ್ಕ ನಕ್ಕಳು. "ಹೋದ್ಸಲ ಟೀವಿ ತಗೊಂಡಾಗ್ಲೇ ನಿನ್ನ ಕಾರ್ಡ್ ನಂಬರು ನನ್ನ ಫೋನಲ್ಲಿ ಕೂತಿದೆ. ಈಗಷ್ಟೇ ಒತ್ತಿಬಿಟ್ಟೆ. ನಿನಗೆ ಓಟಿಪಿ ಬರತ್ತೆ, ಅಷ್ಟು ಓದಿ ಹೇಳು. ಬೀಗರು ಎದುರಿಗೇ ಕೂತಿದಾರೆ ಕಣೋ, ಅವರ ಮುಂದೆ ನನ್ನ ಮರ್ಯಾದೆ ತೆಗೀಬೇಡ."

ಟಿಣ್ ಎಂದು ಮೆಸೇಜು ಬಂತು. ಹೆಂಡತಿ ಬೇಡ, ಬೇಡವೆಂದು ತಲೆಯಾಡಿಸಿದಳು. ಗಂಡ ಅವಳನ್ನು ನೋಡಿದ, ಫೋನು ನೋಡಿದ, ಮತ್ತೆ ಅವಳನ್ನು ನೋಡಿದ. ಆಮೇಲೆ ಸ್ಪೀಕರ್ ಆರಿಸಿ, ಎರಡು ಮೆಟ್ಟಿಲು ಇಳಿದು, ಅವಳಿಗೆ ಬೆನ್ನು ಹಾಕಿ ನಿಂತು, ಬಾಯಿಗೆ ಕೈ ಅಡ್ಡ ಹಿಡಿದ.

"ನಾಲ್ಕು..." ಎಂದ. "ಏಳು..."