ಮೂರಕ್ಕೂ ನೂರೊಂದು

ಎಸ್ಸೆಸ್ಸೆಲ್ಸಿ ರಿಸಲ್ಟಿನ ಹಿಂದಿನ ಸಂಜೆ ನಂಜೇಶನ ಎದೆ ಧಸಕ್ಕೆಂದಿತು. ನಂಜನಗೂಡಿನ ಬಜಾರಿನಲ್ಲಿ ಅವನದು ಮೂರು ಕಂಪ್ಯೂಟರಿನ ಇಂಟರ್‌ನೆಟ್ ಅಂಗಡಿ. ವರ್ಷವೆಲ್ಲ ನೊಣ ಹೊಡೆದರೂ ನಾಳೆಯೊಂದು ದಿನ ಜನ ಮುಗಿಬೀಳುವುದು ಖಂಡಿತ. ಇವತ್ತೇ ನಡುವಿನ ಕಂಪ್ಯೂಟರಿಗೆ ನೆಟ್ ಬರುತ್ತಿಲ್ಲ! ಟಿ. ನರಸೀಪುರದ ಮೆಕ್ಯಾನಿಕ್ ಮಾದೇಶನಿಗೆ ಫೋನ್ ಹಚ್ಚಿದ.

“ನೆಟ್‌ವರ್ಕ್ ಅಡ್ರೆಸ್ ನೋಡಿ ಸಾ. ಸ್ಟಾರ್ಟ್ ಒತ್ತಿ, ರನ್‌ಗೆ ಓಗಿ, ಸಿಎಂಡಿ ಅಂತ ಟೈಪ್ ಮಾಡಿ. ಕಪ್ಪು ಪರದೆ ಬತ್ತದೆ. ಅದ್ರಲ್ಲಿ ಐಪಿಕಾನ್ಫಿಗ್ ಅಂತ ಟೈಪ್ ಮಾಡಿ ಎಂಟರ್ ಕೊಡಿ. ಕೊನೇ ನಂಬರ್ ಏನದೆ?”

“ಎಂಟು!” ನಂಜೇಶ ಕುರ್ಚಿ ಬಿಟ್ಟು ಎದ್ದೇಬಿಟ್ಟ. “ಅಲ್ಲ ಕಣಯ್ಯ, ಎಂಟು ಶನಿ ನಂಬರು! ಪ್ಲೇಟಿನ ನಂಬರ್ ಕೂಡಿಸಿದ್ರೆ ಎಂಟು ಬತ್ತದೆ ಅಂತ ಚಿನ್ನದಂಥ ಸ್ಕೂಟರ್ ಮಾರ್ದೋನು ನಾನು. ಅಂಗಡಿ ನಡುವೆ ಶನಿ ಕೂರಿಸ್ಬುಟ್ಟು ಓಗಿದೀಯಲ್ಲ!”

“ಅಡ್ರೆಸ್ ಸರಿಯಾಗೇ ಅದೆ ಸಾ. ವೈರ್ ಸಡಿಲ ಆಗಿರ್ಬೇಕು, ಅಮುಕಿ.”

ಅಮುಕಿದ. ನೆಟ್ ಬಂತು. ಆದರೆ ನಂಜೇಶನ ಮನಸ್ಸು ಒಪ್ಪಬೇಕಲ್ಲ! ಕಾಡಿ ಬೇಡಿ ನಂಬರು ಬದಲಾಯಿಸುವುದು ಹೇಗೆಂದು ಕೇಳಿಕೊಂಡು, ಎಂಟನ್ನು ಕಿತ್ತು ನೂರೊಂದು ಹಾಕಿದ. ಮದುವೆ ಮನೆಯಲ್ಲಿ ಮುಯ್ಯಿ ಮಾಡಿದಷ್ಟು ತೃಪ್ತಿಯಾಯಿತು. ಫೋನ್ ಇಟ್ಟ ಮೇಲೆ ಅಕ್ಕಪಕ್ಕದ ಎರಡನ್ನು ನೋಡಿ ಕರುಳು ಚುರ್ರೆಂದಿತು. ಇವೇನು ಮಲಮಕ್ಕಳೇ? ಮೂರಕ್ಕೂ ನೂರೊಂದೇ ಹಾಕಿ, ಊದುಬತ್ತಿ ಬೆಳಗಿ, ನೆಮ್ಮದಿಯಾಗಿ ಮನೆಗೆ ಹೋದ.

ಬೆಳಿಗ್ಗೆ ಅಂಗಡಿ ಮುಂದೆ ಜನವೋ ಜನ. ಅವರ ನಡುವೆ ನಂಜೇಶನ ಮಗಳು ಅರ್ಪಿತಾಳೂ ಉಗುರು ಕಚ್ಚುತ್ತ ನಿಂತಿದ್ದಳು. ಅವಳ ರಿಸಲ್ಟೂ ಇವತ್ತೇ. ಕಂಪ್ಯೂಟರುಗಳು ಮಾತ್ರ ಒಂದೇ ಅಡ್ರೆಸ್ಸಿಗೆ ಜಗಳ ಬಿದ್ದು, ನೆಟ್ ಮಲಗಿಬಿಟ್ಟಿತ್ತು.

“ಮೂರಕ್ಕೂ ಒಂದೇ ನಂಬರಾ?” ಮಾದೇಶ ಫೋನಿನಲ್ಲೇ ಕಿರುಚಿದ. “ಒಂದು ನಂಬರು ಒಂದಕ್ಕೇ ಸಾ! ಮಿಕ್ಕವುಕ್ಕೆ ಹಳೇ ನಂಬರೇ ಹಾಕಿ!”

ಒಲ್ಲದ ಮನಸ್ಸಿನಿಂದ ನಂಜೇಶ ಗೋಡೆ ಪಕ್ಕದ್ದಕ್ಕೆ ನೂರೊಂದು ಉಳಿಸಿ, ನಡುವಿನದಕ್ಕೆ ಹಳೇ ಎಂಟು, ಇನ್ನೊಂದಕ್ಕೆ ಒಂಬತ್ತು ಹಾಕಿದ. ನೆಟ್ ಬಂತು. ಅಷ್ಟಕ್ಕೆ ಸುಮ್ಮನಿರದೆ, “ಇದು ಶುಭದ್ದು, ನೂರೊಂದು” ಎಂದು ಬಾಯಿಬಿಟ್ಟ. ಜನರೆಲ್ಲ ಅದರ ಮುಂದೆಯೇ ಸಾಲುಗಟ್ಟಿದರು. ಮೊದಲು ಕೂತವನು ಗಣಿತದಲ್ಲಿ ಡುಮ್ಕಿ. ಎರಡನೆಯವನು ಗಣಿತ, ವಿಜ್ಞಾನ ಎರಡರಲ್ಲೂ ಡುಮ್ಕಿ. ಕಾಯಲಾರದೆ ಅರ್ಪಿತಾ ಖಾಲಿಯಿದ್ದ ನಡುವಿನದರಲ್ಲಿ ಹೋಗಿ ಕೂತಳು.

“ಅದು ಬೇಡ ಕಣವ್ವ, ಎದ್ದೇಳು, ಎದ್ದೇಳು!” ನಂಜೇಶ ಜನರನ್ನು ನೂಕಿಕೊಂಡು ಓಡಿಬಂದ.

“ಅಪ್ಪಾ! ಡಿಸ್ಟಿಂಕ್ಷನ್!”

ನಂಜೇಶನ ಕಣ್ಣಲ್ಲಿ ನೀರೇ ಬಂತು. ಒರೆಸಿಕೊಂಡು ನೋಡುವಷ್ಟರಲ್ಲಿ ಇಡೀ ಸಾಲು ಎಂಟರ ಮುಂದೆ ಬಂದು ನಿಂತಿತ್ತು. ನೂರೊಂದನ್ನು ಮೂಸಿ ನೋಡುವವರಿರಲಿಲ್ಲ. ಅವನು ಮೆಲ್ಲನೆ ಮೂಲೆಗೆ ಸರಿದು ಮತ್ತೆ ಫೋನ್ ಹಚ್ಚಿದ.

“ಮಾದೇಶ, ಬೇಜಾರ್ ಮಾಡ್ಕೋಬ್ಯಾಡ ಕಣಯ್ಯ. ಮೂರಕ್ಕೂ ಎಂಟು ಹಾಕುದ್ರೆ ಹೆಂಗೆ?”